ಕೋರ್ಟು ಬಿಡು ಅಂದಮೇಲೂ ನಲವತ್ತೊಂದು ದಿನ

ಮೂವತ್ತೊಂದು ವರ್ಷ ಖಜಾನೆ ಇಲಾಖೆಯಲ್ಲಿ ಬಿಲ್ಲು ನೋಡಿದವನು ನಾನು. ಕೊನೆಯ ಒಂಬತ್ತು ವರ್ಷ ಮಂಡ್ಯದಲ್ಲೇ. ಜನರ ಹೆಸರು ಮರೆತರೂ ಲೆಕ್ಕ ಶೀರ್ಷಿಕೆ, ಅಂದರೆ ಸರ್ಕಾರದ ಒಂದೊಂದು ಬಾಬಿನ ಖರ್ಚಿಗೂ ಇರುವ ಸಂಖ್ಯೆ, ಮರೆಯುವುದಿಲ್ಲ. 2202 ಶಿಕ್ಷಣ, 2210 ಆರೋಗ್ಯ, 2055 ಪೊಲೀಸು, 2056 ಜೈಲು. ಆ 2056ರ ಬಿಲ್ಲುಗಳು ಎಷ್ಟು ನನ್ನ ಟೇಬಲ್ ದಾಟಿ ಹೋದವೋ ಲೆಕ್ಕವಿಲ್ಲ. ರೇಷನ್ನು, ಗ್ಯಾಸು, ಸಿಬ್ಬಂದಿ ಸಂಬಳ, ಕರೆಂಟು. ವೋಚರ್ ಸರಿ ಇದೆಯಾ, ಅನುದಾನ ಇದೆಯಾ, ಮಂಜೂರಾತಿ ಆದೇಶ ಲಗತ್ತಿಸಿದ್ದಾರಾ ಅಂತ ನೋಡಿ ಮುಂದೆ ಕಳಿಸುತ್ತಿದ್ದೆ. ಆ ಅಕ್ಕಿ, ಬೇಳೆ ತಿನ್ನುವವರು ಯಾರು ಅಂತ ಒಂದು ದಿನವೂ ನನಗೆ ಅನ್ನಿಸಿರಲಿಲ್ಲ.

ಈ ವರ್ಷ ಅನ್ನಿಸುವ ಹಾಗಾಯಿತು.

ನಮ್ಮ ಬೀದಿಗೆ ದಿನಾ ಸೊಪ್ಪು ತರುವ ಹೆಂಗಸೊಬ್ಬರಿದ್ದಾರೆ. ಹತ್ತಿರದ ಹಳ್ಳಿಯವರು. ಅವರ ಮಗ ಒಂದು ಹೊಡೆದಾಟದ ಕೇಸಿನಲ್ಲಿ ಒಳಗೆ ಹೋಗಿದ್ದ. ಒಂದು ಬೆಳಿಗ್ಗೆ ಬುಟ್ಟಿ ಇಳಿಸಿ, ದಂಟು ಆರಿಸುತ್ತಿದ್ದ ನನ್ನ ಹೆಂಡತಿಯನ್ನು ಬಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ಬೇಲು ಕೊಟ್ಟವ್ರಂತೆ ಕಣಣ್ಣಯ್ಯ. ತಿಂಗ್ಳಾಯ್ತು. ಇನ್ನೂ ಬುಟ್ಟಿಲ್ಲ. ಯಾಕಣ್ಣಯ್ಯ?"

ನನಗೆ ಗೊತ್ತಿರಲಿಲ್ಲ. ವಕೀಲರ ಹತ್ತಿರ ಹೋಗಿ ವಿಚಾರಿಸಿದೆ. ಒಂದು ಲಕ್ಷದ ಬಾಂಡು, ಇಬ್ಬರು ಜಾಮೀನುದಾರರು, ಇಬ್ಬರ ಪಹಣಿ. ಇಷ್ಟು ಕೊಟ್ಟರೆ ಬಿಡುಗಡೆ. ಆಯಮ್ಮನ ಮನೆಯಲ್ಲಿ ಇಪ್ಪತ್ತು ಗುಂಟೆ ಜಮೀನಿದೆ, ಆದರೆ ಪಹಣಿ ಇವತ್ತಿಗೂ ಮಾವನ ಹೆಸರಲ್ಲಿದೆ. ಮಾವ ತೀರಿಕೊಂಡು ಹದಿನಾರು ವರ್ಷ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗುವುದು, ಇನ್ನೂ ಆಗಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಇದು ಎಷ್ಟು ಮನೆಗಳ ಕಥೆ ಅಂತ ನಾನು ಹೇಳಬೇಕಾಗಿಲ್ಲ. ಊರಿನಲ್ಲಿ ಕೇಳಿದರೆ, "ಪಹಣಿ ಕೊಟ್ಟು ನಾಳೆ ಅವನು ವಾಯಿದೆಗೆ ಬರಲಿಲ್ಲ ಅಂದ್ರೆ ನಮ್ಮ ಜಮೀನಿನ ಗತಿ?" ಅಂತ ಎಲ್ಲರೂ ಹಿಂದೆ ಸರಿದರು. ಅವರದ್ದೂ ತಪ್ಪಲ್ಲ. ದುಡ್ಡು ತೆಗೆದುಕೊಂಡು ಪಹಣಿ ಕೊಡಿಸುತ್ತೇನೆ ಅಂದವನೂ ಒಬ್ಬ ಸಿಕ್ಕಿದ. ಆ ದಾರಿ ಬೇಡ ಅಂದೆ.

ಕೊನೆಗೆ ನಾನೂ ನನ್ನ ಭಾಮೈದನೂ ಪಹಣಿ ಕೊಟ್ಟೆವು. ಬೇಲ್ ಆದೇಶವಾದ ನಲವತ್ತೊಂದನೇ ದಿನ ಸಂಜೆ ಏಳು ಗಂಟೆ ಸುಮಾರಿಗೆ ಹುಡುಗ ಹೊರಗೆ ಬಂದ. ಕೈಯಲ್ಲಿ ಬಟ್ಟೆ ಅಂಗಡಿಯ ಹಳೇ ಕವರು. ಅದರೊಳಗೆ ಎರಡು ಅಂಗಿ, ಒಂದು ಟವೆಲ್ಲು. ಅಂಗಿ ಜೇಬಿನಲ್ಲಿ ಬೇಲ್ ಆದೇಶದ ಪ್ರತಿ. ಮಡಿಸಿ ಮಡಿಸಿ ಅದರ ಮಡಿಕೆಗಳು ಹರಿದು, ಕಾಗದ ನಾಲ್ಕು ಚೂರಾಗುವ ಹಂತಕ್ಕೆ ಬಂದಿತ್ತು. ಕೋರ್ಟು ತನ್ನನ್ನು ಬಿಡಿ ಅಂದಿದೆ ಅನ್ನುವ ಕಾಗದವನ್ನು ಜೇಬಲ್ಲಿಟ್ಟುಕೊಂಡೇ ಅವನು ನಲವತ್ತೊಂದು ರಾತ್ರಿ ಒಳಗೆ ಮಲಗಿದ್ದ.

ಯಾವ ಜೈಲು, ಯಾವ ಕೋರ್ಟು ಅಂತ ಬರೆಯುವುದಿಲ್ಲ. ಒಬ್ಬ ಅಧಿಕಾರಿಯ ಮೇಲೆ ಗೂಬೆ ಕೂರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲೆಕ್ಕದವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಲೆಕ್ಕಕ್ಕೇ ಹೋಯಿತು. ಆ ನಲವತ್ತೊಂದು ದಿನಕ್ಕೆ ಸರ್ಕಾರ ಎಷ್ಟು ಖರ್ಚು ಮಾಡಿತು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ದೇಶದ ಜೈಲುಗಳ ಅಂಕಿಅಂಶದ ವರದಿ ತರುತ್ತದೆ. ಕಾರಾಗೃಹ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ರಾಜ್ಯ ಪಟ್ಟಿಯ ವಿಷಯ. ಹಾಗಾಗಿ ಒಂದೊಂದು ರಾಜ್ಯ ಕೊಟ್ಟಿದ್ದನ್ನು ಕೂಡಿ ಈ ವರದಿ ಆಗುತ್ತದೆ. ಮಗಳ ಹತ್ತಿರ ಹೇಳಿ 2019ರ ವರದಿ ಡೌನ್‌ಲೋಡ್ ಮಾಡಿಸಿಕೊಂಡೆ. ಆ ವರ್ಷವನ್ನೇ ಆರಿಸಿದ್ದು ಬೇಕೆಂದೇ. ಕೋವಿಡ್‌ಗೆ ಮುಂಚಿನ ವರ್ಷ, ಪೆರೋಲು, ತಾತ್ಕಾಲಿಕ ಜಾಮೀನುಗಳ ಏರುಪೇರು ಇರುವುದಿಲ್ಲ.

2019-20ರಲ್ಲಿ ದೇಶದ ಎಲ್ಲ ಜೈಲುಗಳಿಗೆ ಸೇರಿ ಮಂಜೂರಾದ ಹಣ ₹6,818.1 ಕೋಟಿ. ಖರ್ಚಾಗಿದ್ದು ₹5,958.3 ಕೋಟಿ. 2019ರ ಕೊನೆಗೆ ಒಳಗಿದ್ದವರು 4,78,600 ಜನ. ಭಾಗಿಸಿ ನೋಡಿ, ಒಬ್ಬರಿಗೆ ದಿನಕ್ಕೆ ಸುಮಾರು ₹341. ನಲವತ್ತೊಂದು ದಿನಕ್ಕೆ ಹದಿನಾಲ್ಕು ಸಾವಿರ, ಅದೂ 2019ರ ದರದಲ್ಲಿ. ಬಿಡಬೇಕು ಅಂತ ನ್ಯಾಯಾಧೀಶರು ಸಹಿ ಹಾಕಿದ ಹುಡುಗನನ್ನು ಒಳಗೇ ಇಟ್ಟುಕೊಳ್ಳಲು ಹದಿನಾಲ್ಕು ಸಾವಿರ.

ಈ ಲೆಕ್ಕ ತೋರಿಸಿದಾಗ ನನ್ನ ಹಳೇ ಸಹೋದ್ಯೋಗಿಯೊಬ್ಬರು, "ಸಂಬಳ, ಕಟ್ಟಡ ಎಲ್ಲ ಹೇಗೂ ಇರ್ತದೆ ಸ್ವಾಮಿ, ಒಬ್ಬ ಹೆಚ್ಚಾದ್ರೆ ಅಷ್ಟು ಬೀಳಲ್ಲ" ಅಂದರು. ಒಪ್ಪುತ್ತೇನೆ. ಒಬ್ಬನೇ ಆಗಿದ್ದರೆ ಬೀಳುವುದಿಲ್ಲ. ಆದರೆ ಇವನು ಒಬ್ಬನೇ ಅಲ್ಲ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಓದಿ. ಜಾಮೀನು ಸಿಕ್ಕೂ ಒಳಗೇ ಇರುವ ವಿಚಾರಣಾಧೀನರು ದೇಶದಲ್ಲಿ ಸುಮಾರು 5,000 ಜನ ಅಂತ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವೇ ಕೋರ್ಟಿಗೆ ತಿಳಿಸಿತ್ತು. ಅವರಲ್ಲಿ ಅಷ್ಟರೊಳಗೆ ಹೊರಬಂದಿದ್ದವರು 1,417. ಕೋರ್ಟು ಕೇಳಿದ್ದಕ್ಕೆ ಆ ಸಂಖ್ಯೆ ಹೊರಗೆ ಬಂತು. ನಾನು ತಿರುವಿ ಹಾಕಿದ ವಾರ್ಷಿಕ ವರದಿಯ ಕೋಷ್ಟಕಗಳಲ್ಲಿ ಕೈದಿಗಳ ವಯಸ್ಸಿದೆ, ವಿದ್ಯಾಭ್ಯಾಸವಿದೆ, ಮಾಡಿದ ಅಪರಾಧದ ಸೆಕ್ಷನ್ನಿದೆ. ಜಾಮೀನು ಸಿಕ್ಕಮೇಲೆ ಎಷ್ಟು ದಿನ ಕೂತಿದ್ದರು ಅನ್ನುವ ಕಾಲಂ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಈಗ ಆ ಖರ್ಚನ್ನು ಇನ್ನೊಂದು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ನನಗೆ ಹೊಟ್ಟೆ ಉರಿದಿದ್ದು ಅಲ್ಲಿ. ಖರ್ಚಾದ ₹5,958.3 ಕೋಟಿಯಲ್ಲಿ ಕೈದಿಗಳಿಗಾಗಿಯೇ ಹೋಗಿದ್ದು ₹2,060.96 ಕೋಟಿ, ಅಂದರೆ ಮೂರರಲ್ಲಿ ಒಂದು ಪಾಲು. ಅದರೊಳಗೆ ಊಟಕ್ಕೆ ₹986.18 ಕೋಟಿ. ಒಬ್ಬರಿಗೆ ದಿನಕ್ಕೆ ₹56. ತಿಂಡಿ, ಎರಡು ಊಟ, ಟೀ ಎಲ್ಲ ಸೇರಿ. ಔಷಧ, ಆಸ್ಪತ್ರೆಗೆ ₹89.48 ಕೋಟಿ, ದಿನಕ್ಕೆ ಐದು ರೂಪಾಯಿ ಚಿಲ್ಲರೆ. ಓದು ಮತ್ತು ಕಸುಬಿನ ತರಬೇತಿಗೆ ₹24.20 ಕೋಟಿ, ಅಂದರೆ ದಿನಕ್ಕೆ ಒಂದು ರೂಪಾಯಿ ನಲವತ್ತು ಪೈಸೆ. ಜೈಲಿನ ಬೋರ್ಡಿನ ಮೇಲೆ "ಸುಧಾರಣಾ ಸೇವೆ" ಅಂತ ಬರೆದಿದ್ದೇವೆ. ಮನುಷ್ಯನನ್ನು ಸುಧಾರಿಸಲು ಎತ್ತಿಟ್ಟಿದ್ದು ಒಂದು ರೂಪಾಯಿ ನಲವತ್ತು ಪೈಸೆ.

ಮಂಜೂರಾಗಿ ಖರ್ಚಾಗದೆ ಉಳಿದ ಹಣ ಎಷ್ಟು? ₹859.8 ಕೋಟಿ. ಔಷಧಕ್ಕೆ ಖರ್ಚಾದದ್ದರ ಒಂಬತ್ತೂವರೆ ಪಟ್ಟು.

ಇದು ಹೇಗೆ ಆಗುತ್ತದೆ ಅಂತ ನಾನು ಒಳಗಿಂದ ಕಂಡಿದ್ದೇನೆ, ಎಲ್ಲ ಇಲಾಖೆಗಳಲ್ಲೂ. ಅನುದಾನ ಕಂತಿನಲ್ಲಿ ಬರುತ್ತದೆ. ಕೊನೆಯ ಕಂತು ಬರುವ ಹೊತ್ತಿಗೆ ಫೆಬ್ರವರಿ ಮುಗಿದಿರುತ್ತದೆ. ಟೆಂಡರ್ ಕರೆಯಲು ಕಾಲವಿಲ್ಲ, ಖಾಲಿ ಹುದ್ದೆಗೆ ಇಟ್ಟ ಸಂಬಳ ಹಾಗೇ ಉಳಿದಿರುತ್ತದೆ, ಕಟ್ಟಡದ ದುಡ್ಡು ನಕ್ಷೆ ಮಂಜೂರಾಗದೆ ನಿಂತಿರುತ್ತದೆ. ಮಾರ್ಚ್ 31ರ ರಾತ್ರಿ ಹನ್ನೊಂದು ಗಂಟೆಗೆ ಬಿಲ್ಲು ಹಿಡಿದುಕೊಂಡು ಖಜಾನೆಯ ಮೆಟ್ಟಿಲ ಮೇಲೆ ಕೂತ ಗುಮಾಸ್ತರನ್ನು ನಾನೇ ನೋಡಿದ್ದೇನೆ. ಖಜಾನೆ-2 ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂದು ಎಲ್ಲ ಆನ್‌ಲೈನ್ ಆದಮೇಲೆ ಮೆಟ್ಟಿಲ ಮೇಲೆ ಕೂರುವುದು ತಪ್ಪಿತು, ಮಾರ್ಚ್ ತಿಂಗಳ ಆ ಗಡಿಬಿಡಿ ತಪ್ಪಲಿಲ್ಲ. ಉಳಿದದ್ದು ಸರೆಂಡರ್, ಅಂದರೆ ಸರ್ಕಾರಕ್ಕೆ ವಾಪಸ್ಸು, ಇಲ್ಲದಿದ್ದರೆ ಲ್ಯಾಪ್ಸ್, ಅಂದರೆ ತಾನಾಗಿಯೇ ರದ್ದು.

ಇನ್ನು ಪ್ರಗತಿ ವರದಿ. ಸರ್ಕಾರಿ ನೌಕರರಿಗೆ ಗೊತ್ತು, ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಯ, ಹಿಂದಿನ ರಾತ್ರಿ ಎಲ್ಲ ಕಚೇರಿಯಲ್ಲೂ ಒಂದೇ ಕೆಲಸ: ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ ಅನ್ನುವ ಎರಡು ಕಾಲಂ ತುಂಬುವುದು. ಆರ್ಥಿಕ ಅಂದರೆ ಎಷ್ಟು ಪರ್ಸೆಂಟ್ ದುಡ್ಡು ಖಾಲಿಯಾಯಿತು. ಭೌತಿಕ ಅಂದರೆ ಎಷ್ಟು ಜನಕ್ಕೆ ತರಬೇತಿ ಕೊಟ್ಟೆವು, ಎಷ್ಟು ಕ್ಯಾಮೆರಾ ಹಾಕಿದೆವು. ತರಬೇತಿ ಆದವನು ಆಮೇಲೆ ಕೆಲಸಕ್ಕೆ ಸೇರಿದನಾ, ಕ್ಯಾಮೆರಾ ಓಡುತ್ತಿದೆಯಾ ಅಂತ ಮೂರನೇ ಕಾಲಂ ಇಲ್ಲ. ದುಡ್ಡು ಖರ್ಚಾದರೆ ಸಾಧನೆ ಅನ್ನುವುದು ನಮ್ಮ ಮೈಯಲ್ಲಿ ಸೇರಿಹೋಗಿದೆ. ನನ್ನ ಮೈಯಲ್ಲೂ ಸೇರಿತ್ತು.

2025ರ ಜನವರಿಯಲ್ಲಿ ಮೈಸೂರಿನ ಕೇಂದ್ರ ಕಾರಾಗೃಹದ ಸುದ್ದಿ ನೀವೂ ಓದಿರುತ್ತೀರಿ. ಹೊಸ ವರ್ಷದ ಕೇಕಿಗೆಂದು ಜೈಲಿನ ಬೇಕರಿಗೆ ತಂದಿದ್ದ ಎಸೆನ್ಸ್ ಕುಡಿದು ಮೂವರು ಕೈದಿಗಳು ಕೆ.ಆರ್. ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಜೈಲಿನ ಬೇಕರಿ ಒಳ್ಳೆಯ ಯೋಜನೆ, ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಕರ್ನಾಟಕದಲ್ಲಿ ಕೆಲಸ ಮಾಡುವ ಶಿಕ್ಷಾಬಂಧಿಗೆ ದಿನಕ್ಕೆ ಐನೂರು ರೂಪಾಯಿಗೂ ಮೇಲೆ ಕೂಲಿ ಇದೆ, ಅದು ನಾವು ಹೆಮ್ಮೆ ಪಡಬೇಕಾದ ವಿಷಯ. ಆದರೆ ಬೇಕರಿ ಅಂದರೆ ಪ್ರಗತಿ ವರದಿಯಲ್ಲಿ "ಕಸುಬು ಕಲಿತವರು ಇಷ್ಟು ಜನ" ಅನ್ನುವ ಒಂದು ಅಂಕಿ. ಕುಡಿತಕ್ಕೆ ಬಿದ್ದ ಮನುಷ್ಯ ಒಳಗೆ ಬಂದಮೇಲೆ ಅವನ ಚಿಕಿತ್ಸೆ ಏನಾಯಿತು, ಮನೋವೈದ್ಯರು ಎಷ್ಟು ಸಲ ನೋಡಿದರು ಅಂತ ಯಾರು ಬರೆದಿಡುತ್ತಾರೆ? ದಿನಕ್ಕೆ ಐದು ರೂಪಾಯಿಯ ವೈದ್ಯಕೀಯ ಖರ್ಚಿನಲ್ಲಿ ಆ ಪ್ರಶ್ನೆಗೆ ಜಾಗವೆಲ್ಲಿದೆ?

ಇದನ್ನು ನಮ್ಮ ವಾಕಿಂಗ್ ಗೆಳೆಯರ ಹತ್ತಿರ ಹೇಳಿದಾಗ ಇಬ್ಬರು ಸಿಟ್ಟಾದರು. ಜೈಲಲ್ಲಿರುವವರ ಚಿಂತೆ ನಿನಗ್ಯಾಕೆ, ಅಲ್ಲಿ ರಾಜೋಪಚಾರ ನಡೆಯುತ್ತಿದೆ ಅಂದರು. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರ ಜೈಲಿನಿಂದ ಹೊರಬಿದ್ದ ಸಿನಿಮಾ ನಟನ ಆ ಫೋಟೊ ಅವರ ತಲೆಯಲ್ಲಿತ್ತು. ಕುರ್ಚಿ, ಕಾಫಿ ಮಗ್ಗು, ಸಿಗರೇಟು. ನನಗೂ ಆ ಫೋಟೊ ನೋಡಿ ಕೋಪ ಬಂದಿತ್ತು. ಆದರೆ ಅದೂ ಇದೇ ರೋಗ ಅಲ್ಲವೇ? ದುಡ್ಡಿದ್ದವನಿಗೆ ಒಳಗೆ ಕುರ್ಚಿ ಸಿಕ್ಕಿತು ಅನ್ನುವುದು ಯಾವ ವರದಿಯಿಂದಲೂ ಗೊತ್ತಾಗಲಿಲ್ಲ, ಯಾರೋ ತೆಗೆದ ಫೋಟೊದಿಂದ ಗೊತ್ತಾಯಿತು. ಪಹಣಿ ಇಲ್ಲದವನು ಒಳಗೇ ಉಳಿದ ಅನ್ನುವುದಕ್ಕೆ ಫೋಟೊ ಕೂಡ ಇಲ್ಲ.

ಇನ್ನೊಂದು ಮಾತು. ಪೆಟ್ಟು ತಿಂದವರ ಮನೆಯೂ ಅದೇ ಊರಿನಲ್ಲಿದೆ. ಅವರಿಗೆ ನ್ಯಾಯ ಸಿಗಬೇಕು. ಕೇಸು ನಡೆಯಲಿ, ತಪ್ಪು ಸಾಬೀತಾದರೆ ಹುಡುಗನಿಗೆ ಶಿಕ್ಷೆಯಾಗಲಿ. ಆದರೆ ದೇಶದ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚಿನವರಿಗೆ ಆ ತೀರ್ಪೇ ಬಂದಿಲ್ಲ. 2022ರ ಕೊನೆಗೆ ಒಳಗಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ನಾಲ್ಕರಲ್ಲಿ ಮೂವರು. ನೂರು ಜನ ಮಲಗುವ ಜಾಗದಲ್ಲಿ 131 ಜನ. ಈ ಅಂಕಿ ಪ್ರಕಟವಾಗಿದ್ದು 2023ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಜನ ಬಂದರೋ, ಎಷ್ಟು ಜನ ಹೋದರೋ.

ನಿಯಮ ಇಲ್ಲ ಅಂತಲ್ಲ. ಅದೇ ಜನವರಿ 31ರ ಆದೇಶದಲ್ಲಿ ಸ್ಪಷ್ಟವಾಗಿದೆ: ಜಾಮೀನಾಗಿ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡು ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟು ತಾನಾಗಿಯೇ ನೋಡಬಹುದು. 1978ರಲ್ಲೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ ಬಡವನ ಶಕ್ತಿ ಮೀರಿದ ಜಾಮೀನು ಕೇಳಬಾರದು ಅಂದಿದ್ದರು. ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳಿಗೆ ನೆರವು ಕೊಡಲು ವರ್ಷಕ್ಕೆ ₹20 ಕೋಟಿಯ ಯೋಜನೆ ತಂದಿತು. ಆಗಿನ ನಿಯಮದಲ್ಲಿ ವಿಚಾರಣಾಧೀನರಿಗೆ ₹40,000ದವರೆಗೆ ಜಾಮೀನು ಹಣ, ಶಿಕ್ಷೆಯಾದವರಿಗೆ ₹25,000ದವರೆಗೆ ದಂಡದ ಹಣ. ಒಳ್ಳೆಯ ಯೋಜನೆ. ಹಣ ಬಳಸಿಕೊಳ್ಳಿ ಅಂತ ಗೃಹ ಸಚಿವಾಲಯವೇ ರಾಜ್ಯಗಳಿಗೆ ಮತ್ತೆ ಮತ್ತೆ ಪತ್ರ ಬರೆಯಬೇಕಾಯಿತು. ನಮ್ಮ ಸೊಪ್ಪಿನ ಅಮ್ಮನಿಗೆ ಇದರಲ್ಲಿ ಒಂದನ್ನೂ ಯಾರೂ ಹೇಳಿರಲಿಲ್ಲ. ಏಳನೇ ದಿನ ಯಾರೂ ಯಾರಿಗೂ ತಿಳಿಸಿರಲಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಪ್ರತಿ ಜೈಲಿನ ಬಾಗಿಲಲ್ಲಿ ಇಂದಿನ ಬಂಧಿಗಳ ಸಂಖ್ಯೆ ಬರೆದ ಕಪ್ಪು ಬೋರ್ಡು ಇರುತ್ತದೆ. ಅದರಲ್ಲಿ ಇನ್ನೊಂದು ಸಾಲು ಸೇರಿಸಿ: ಜಾಮೀನು ಸಿಕ್ಕೂ ಒಳಗಿರುವವರು ಇಷ್ಟು, ಎಲ್ಲಕ್ಕಿಂತ ಹಳಬರದು ಇಷ್ಟು ದಿನ. ಅದೇ ಸಾಲು ಜಿಲ್ಲೆಯ ಪ್ರಗತಿ ವರದಿಯಲ್ಲೂ ಬರಲಿ, ಉಸ್ತುವಾರಿ ಸಚಿವರು ಓದಲಿ. ಬೆಂಗಾವಲು ಪೊಲೀಸರಿಲ್ಲದೆ ತಪ್ಪಿಹೋದ ಕೋರ್ಟ್ ವಾಯಿದೆಗಳೂ ಅಲ್ಲಿರಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಅನುದಾನ ಬೇಡ. ಕಾಲಂ ಇದ್ದರೆ ತುಂಬಲೇಬೇಕಾಗುತ್ತದೆ, ತುಂಬಬೇಕಾದವನು ಸೊನ್ನೆ ಬರೆಯಲು ಓಡಾಡುತ್ತಾನೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ನಾನು ಕಂಡ ಸತ್ಯ ಇದು.

ಬಜೆಟ್ ಅಧಿವೇಶನದಲ್ಲಿ ಒಳಾಡಳಿತ ಇಲಾಖೆಯ ಬೇಡಿಕೆ ಬಂದಾಗ 2056ರ ಬಗ್ಗೆ ಒಂದು ಪ್ರಶ್ನೆ ಕೇಳಿ ಅಂತ ನಮ್ಮ ಶಾಸಕರಿಗೆ ಕಾಗದ ಬರೆದಿದ್ದೇನೆ. ಮಂಡ್ಯದವರಿಗೆ ಜೈಲು ಹೊಸದಲ್ಲ. 1938ರ ಶಿವಪುರದ ಧ್ವಜ ಸತ್ಯಾಗ್ರಹದಿಂದ ಕಾವೇರಿ ಚಳವಳಿಯವರೆಗೆ ನಮ್ಮವರು ಎಷ್ಟೋ ಮಂದಿ ಒಳಗೆ ಹೋಗಿ ಬಂದವರು. ಈ ಪ್ರಶ್ನೆ ಮಂಡ್ಯದಿಂದಲೇ ಏಳಲಿ.

ನಿಮ್ಮ ಊರಿನಲ್ಲಿ ಬೇಲ್ ಆಗಿ ಒಳಗೇ ಉಳಿದವರಿದ್ದರೆ 15100ಕ್ಕೆ ಫೋನ್ ಮಾಡಿಸಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ವಕೀಲರ ನೆರವು ಉಚಿತ.

ಹುಡುಗ ಈಗ ಒಂದು ಟೆಂಪೋದಲ್ಲಿ ಕ್ಲೀನರ್ ಆಗಿ ಹೋಗುತ್ತಿದ್ದಾನೆ. ಇಲ್ಲಿಯವರೆಗೆ ಒಂದು ವಾಯಿದೆಯನ್ನೂ ತಪ್ಪಿಸಿಲ್ಲ. ಮೊನ್ನೆ ಸೋಮವಾರ ಅವನ ಅಮ್ಮನನ್ನು ಕರೆದುಕೊಂಡು ನಾಡಕಚೇರಿಗೆ ಹೋಗಿದ್ದೆ. ಮಾವನ ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಸೇರಿಸಿ ಪೌತಿ ಖಾತೆಗೆ ಅರ್ಜಿ ಕೊಟ್ಟು ಬಂದೆವು. ಸ್ವೀಕೃತಿ ಚೀಟಿಯನ್ನು ಆಯಮ್ಮ ನನ್ನ ಕೈಗೇ ಕೊಟ್ಟು, "ನಿಮ್ತಾವೇ ಇರ್ಲಿ ಅಣ್ಣಯ್ಯ" ಅಂದರು. ನನ್ನ ಪಹಣಿಯ ಜೊತೆಗೇ ಬೀರುವಿನಲ್ಲಿಟ್ಟಿದ್ದೇನೆ.