ಟಿವಿ ಗೋಡೆಯೇ ಸುಳ್ಳು ಹೇಳಿದರೆ ಬೋರ್ಡು ಏನು ಮಾಡೀತು?

ದೊಡ್ಡ ಎಲೆಕ್ಟ್ರಾನಿಕ್ಸ್ ಶೋರೂಂ ತೆರೆಯಲು ಹೊರಟವರ ಬಜೆಟ್ ಪಟ್ಟಿ ತೆಗೆದು ನೋಡಿ. ಹೊರಗಿನ ಬೋರ್ಡು, ಗಾಜಿನ ಮುಂಭಾಗ, ಸಿಬ್ಬಂದಿಯ ಟೀಶರ್ಟಿನ ಬಣ್ಣ, ಇವಕ್ಕೆಲ್ಲ ಧಾರಾಳವಾಗಿ ದುಡ್ಡು ಎತ್ತಿಟ್ಟಿರುತ್ತಾರೆ. ಒಳಗೆ ಎರಡು ಟಿವಿಗಳನ್ನು ಪಕ್ಕಪಕ್ಕ ನೋಡಿ ನ್ಯಾಯವಾಗಿ ಹೋಲಿಸಲು ಆಗುತ್ತದೆಯೇ ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರವಿರುವುದಿಲ್ಲ. ಅದೇ ಮಾಡೆಲ್ ನಂಬರಿನ ಅದೇ ಪೆಟ್ಟಿಗೆ ಆನ್‌ಲೈನಿನಲ್ಲೂ ಸಿಗುವ ಕಾಲ ಇದು. ಅಷ್ಟು ದೂರ ಬಂದವರಿಗೆ ಅಂಗಡಿ ಕೊಡಬಹುದಾದ ಹೆಚ್ಚಿನದ್ದು ಒಂದೇ: ಇಲ್ಲಿ ಮುಟ್ಟಿ, ನೋಡಿ, ಸರಿಯಾಗಿ ಹೋಲಿಸಿ ತೆಗೆದುಕೊಳ್ಳಬಹುದು ಎನ್ನುವ ಧೈರ್ಯ. ನನ್ನ ಮಟ್ಟಿಗೆ ಇಂಥ ಅಂಗಡಿಯ ಬ್ರಾಂಡ್ ಅಂದರೆ ಅಷ್ಟೇ.

ಈ ಧೈರ್ಯ ಮೊದಲು ಕೈಕೊಡುವುದು ಟಿವಿ ಗೋಡೆಯ ಮುಂದೆ. ಹೊಸ ಟಿವಿಯನ್ನು ಮೊದಲ ಸಲ ಆನ್ ಮಾಡಿದಾಗ ಮನೆ ಬಳಕೆಗೋ ಅಂಗಡಿ ಪ್ರದರ್ಶನಕ್ಕೋ ಎಂದು ಅದು ಕೇಳುವುದುಂಟು. ಅಂಗಡಿ ಎಂದು ಒತ್ತಿದರೆ ಬೆಳಕೂ ಬಣ್ಣವೂ ತುತ್ತತುದಿಗೆ ಏರುತ್ತವೆ, ಬಿಳಿ ನೀಲಿಗೆ ತಿರುಗುತ್ತದೆ. ನಾವು ಸೆಟ್ಟಿಂಗ್ ಬದಲಿಸಿದರೂ ಎಷ್ಟೋ ಮಾಡೆಲ್‌ಗಳು ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಹಳೆಯದಕ್ಕೆ ಮರಳುತ್ತವೆ. ಇದರ ಮೇಲೆ ಶೋರೂಂನ ದೀಪ ಬೇರೆ. ಅಲ್ಲಿ 800ರಿಂದ 1000 ಲಕ್ಸ್ (ಬೆಳಕಿನ ಅಳತೆ) ಬೆಳಕಿದ್ದರೆ, ಮನೆಯ ಹಾಲಿನಲ್ಲಿ ರಾತ್ರಿ ಹೊತ್ತು 100 ಲಕ್ಸ್ ಇದ್ದರೆ ಹೆಚ್ಚು. ಅಷ್ಟು ಬೆಳಕಿನಲ್ಲಿ ಓಎಲ್‌ಇಡಿಯ (ಪ್ರತಿ ಚುಕ್ಕಿಯೂ ತಾನೇ ಬೆಳಗುವ, ಕಪ್ಪಿರುವಲ್ಲಿ ಪೂರ್ತಿ ಆರುವ ಪರದೆ) ಕಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಹೆಚ್ಚು ಕಣ್ಣು ಕುಕ್ಕುವ ಪರದೆಯೇ ಗೆಲ್ಲುತ್ತದೆ. ಗ್ರಾಹಕರು ಅದನ್ನೇ ಕೊಂಡು ಹೋಗಿ, ಮನೆಯಲ್ಲಿ ದೀಪ ಆರಿಸಿ ಕೂತಾಗ ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ ನೋಡುತ್ತಾರೆ.

ಸರಿಪಡಿಸುವುದೇನೂ ಕಷ್ಟವಲ್ಲ. ವೈರಿಂಗ್ ಮಾಡಿಸುವಾಗಲೇ ಟಿವಿ ವಿಭಾಗಕ್ಕೆ ಪ್ರತ್ಯೇಕ ಸರ್ಕ್ಯೂಟ್ ಎಳೆಸಿ, 150ರಿಂದ 200 ಲಕ್ಸ್‌ಗೆ ಇಳಿಸಬಲ್ಲ ಡಿಮ್ಮರ್ ಹಾಕಿಸಿ. ಪರದೆಗಳು ಗಾಜಿನ ಬಾಗಿಲಿಗೆ ಎದುರಾಗಿ ಇರಬಾರದು. ಎಲ್ಲ ಟಿವಿಗಳೂ ಮನೆ ಮೋಡ್‌ನಲ್ಲಿ, ಸಿನಿಮಾ ಸೆಟ್ಟಿಂಗ್‌ನಲ್ಲಿ, ಒಂದೇ ವಿಡಿಯೊ ತೋರಿಸಲಿ. ಆ ವಿಡಿಯೊದಲ್ಲಿ ಬರೀ ಹೂವು, ಗಿಳಿ, ಜಲಪಾತ ತುಂಬಬೇಡಿ. ಕತ್ತಲೆ ಕೋಣೆ, ಮನುಷ್ಯರ ಮುಖ, ವೇಗದ ಆಟ ಇವೂ ಬೇಕು. ಪರದೆಗಳ ವ್ಯತ್ಯಾಸ ಬಯಲಾಗುವುದು ಅಲ್ಲೇ. ಪರದೆಯ ಮೂಲೆಯಲ್ಲಿ ಆಫರ್ ಪಟ್ಟಿ ದಿನವಿಡೀ ಕದಲದೆ ನಿಲ್ಲುವಂತೆ ಮಾಡಿದರೆ ಓಎಲ್‌ಇಡಿಯಲ್ಲಿ ಅದರ ಅಚ್ಚು ಶಾಶ್ವತವಾಗಿ ಉಳಿದುಬಿಡುತ್ತದೆ. ಆಮೇಲೆ ಆ ಡೆಮೊ ಪೀಸನ್ನು ಯಾರೂ ಮುಟ್ಟುವುದಿಲ್ಲ.

ಇನ್ನೊಂದು ಎಡವಟ್ಟು ಗೋಡೆಯ ಹಿಂದೆ ಇರುತ್ತದೆ. ಒಂದೇ ಪ್ಲೇಯರ್‌ನಿಂದ ಸ್ಪ್ಲಿಟರ್ (ಒಂದು ಸಿಗ್ನಲನ್ನು ಹಲವಕ್ಕೆ ಒಡೆದು ಕೊಡುವ ಪೆಟ್ಟಿಗೆ) ಮೂಲಕ ಇಪ್ಪತ್ತು ಟಿವಿಗಳಿಗೆ ಎಚ್‌ಡಿಎಂಐ, ಅಂದರೆ ಚಿತ್ರ ಮತ್ತು ಸದ್ದಿನ ಸಿಗ್ನಲ್, ಹಂಚುತ್ತಾರೆ. ಸಾಮಾನ್ಯ ಸ್ಪ್ಲಿಟರ್ ಮಾಡುವುದೇನೆಂದರೆ, ಸಾಲಿನಲ್ಲಿ ಅತಿ ಕಡಿಮೆ ಸಾಮರ್ಥ್ಯದ ಟಿವಿ ಯಾವುದೋ ಅದಕ್ಕೆ ಒಗ್ಗುವ ಸಿಗ್ನಲನ್ನೇ ಎಲ್ಲಕ್ಕೂ ಕಳಿಸುವುದು. ಮೂಲೆಯಲ್ಲಿ ಒಂದು 1080ಪಿ ಸೆಟ್ (4ಕೆಯ ಕಾಲು ಭಾಗದಷ್ಟೇ ಚುಕ್ಕಿಗಳದ್ದು) ಇದ್ದರೆ ಸಾಕು, ಪಕ್ಕದ 4ಕೆ ಸೆಟ್‌ಗಳಿಗೂ 1080ಪಿಯೇ ಗತಿ. ‘ಎರಡರಲ್ಲೂ ಏನು ವ್ಯತ್ಯಾಸ ಸ್ವಾಮಿ?’ ಎಂದು ಗ್ರಾಹಕರು ಕೇಳಿದರೆ ಅವರ ಕಣ್ಣಿನಲ್ಲಿ ದೋಷವಿಲ್ಲ. 4ಕೆ ಸೆಟ್‌ಗಳಿಗೆ ಬೇರೆ ಪ್ಲೇಯರ್ ಇಡಿ. ತಾಮ್ರದ ಮಾಮೂಲಿ ಎಚ್‌ಡಿಎಂಐ ಕೇಬಲ್ ಐದು ಮೀಟರ್ ದಾಟಿದರೆ 4ಕೆಯ ಸೆಕೆಂಡಿಗೆ 18 ಗಿಗಾಬಿಟ್ ಸಿಗ್ನಲ್‌ನಲ್ಲಿ ಚುಕ್ಕಿ ಏಳುವುದು, ಚಿತ್ರ ಆಗಾಗ ಮಾಯವಾಗುವುದು ಶುರುವಾಗುತ್ತದೆ, ಉದ್ದಕ್ಕೆ ಬೆಳಕಿನ ಮೂಲಕ ಸಿಗ್ನಲ್ ಒಯ್ಯುವ ಆಪ್ಟಿಕಲ್ ಕೇಬಲ್ಲೇ ಸರಿ. ನೆಲದ ಮೇಲೆ ನೋಡುವ ದೂರದ ಗೆರೆ ಎಳೆಯಿರಿ: ಪರದೆಯ ಕರ್ಣದ ಸುಮಾರು 1.6 ಪಟ್ಟು, ಅಂದರೆ 55 ಇಂಚಿಗೆ 2.2 ಮೀಟರ್, 65 ಇಂಚಿಗೆ 2.6 ಮೀಟರ್. ದೊಡ್ಡ ಹಾಲಿನಲ್ಲಿ ಎಲ್ಲ ಟಿವಿಯೂ ಸಣ್ಣದಾಗಿ ಕಾಣುವುದರಿಂದ ಈ ಗೆರೆಗೆ ತುಂಬಾ ಬೆಲೆಯಿದೆ.

ಕಂಪನಿಗಳು ಸ್ವಂತ ಖರ್ಚಿನಲ್ಲಿ ಹಾಕಿಸಿಕೊಡುವ ಕೌಂಟರ್‌ಗಳ ವಿಷಯ ಸೂಕ್ಷ್ಮದ್ದು. ಮಾಲೀಕರಿಗೆ ಪೀಠೋಪಕರಣದ ದುಡ್ಡು ಉಳಿಯುತ್ತದೆ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ಒಬ್ಬೊಬ್ಬರೂ ತಮ್ಮ ಬಣ್ಣ, ತಮ್ಮ ದೀಪ, ತಮ್ಮ ಸದ್ದು ತಂದು ಕೂರಿಸಿದರೆ ಅಂಗಡಿ ಸಂತೆಯಾಗುತ್ತದೆ. ಒಪ್ಪಂದದಲ್ಲೇ ಗೆರೆ ಹಾಕಿಕೊಳ್ಳುವುದು ಒಳ್ಳೆಯದು: ನೆಲದಿಂದ 2.1 ಮೀಟರ್ ಮೇಲಿನ ಜಾಗವೆಲ್ಲ ಅಂಗಡಿಯದು, ಅಲ್ಲಿ ಅಂಗಡಿಯ ಅಕ್ಷರ, ಅಂಗಡಿಯ ಬಣ್ಣ ಮಾತ್ರ. ಬೆಲೆ ಚೀಟಿಯೂ ಅಂಗಡಿಯದೇ. ಎಲ್ಲ ಲ್ಯಾಪ್‌ಟಾಪ್‌ಗಳ ಚೀಟಿಯಲ್ಲೂ ಪ್ರೊಸೆಸರ್, ರ್‍ಯಾಮ್, ಸ್ಟೋರೇಜ್, ತೂಕ, ವಾರಂಟಿ ಇದೇ ಕ್ರಮದಲ್ಲಿ ಬರಲಿ. ಒಂದರಲ್ಲಿ ತೂಕ ಬರೆದು ಇನ್ನೊಂದರಲ್ಲಿ ‘ಅದ್ಭುತ ಅನುಭವ’ ಎಂದು ಬರೆದರೆ ಯಾವುದಕ್ಕೆ ಯಾವುದನ್ನು ಹೋಲಿಸುವುದು?

ಡೆಮೊ ಫೋನುಗಳಿಗೆ ಒಬ್ಬರನ್ನು ನೇಮಿಸಲೇಬೇಕು. ಇಪ್ಪತ್ನಾಲ್ಕು ಗಂಟೆ ಚಾರ್ಜಿನಲ್ಲಿ, ನೂರು ಪ್ರತಿಶತದಲ್ಲೇ ಕೂತ ಬ್ಯಾಟರಿ ತಿಂಗಳುಗಟ್ಟಲೆ ಬಿಸಿಯಾಗುತ್ತಿದ್ದರೆ ಉಬ್ಬುತ್ತದೆ. ಹಿಂಬದಿಯ ಮುಚ್ಚಳ ಎದ್ದಿದೆಯೇ ಎಂದು ವಾರಕ್ಕೊಮ್ಮೆ ಬೆರಳಾಡಿಸಿ ನೋಡಬೇಕು, ಎದ್ದಿದ್ದರೆ ಅಂದೇ ತೆಗೆಯಬೇಕು. ಬಂದವರು ತಮ್ಮದೇ ಖಾತೆಗೆ ಲಾಗಿನ್ ಆಗಿ ಹಾಗೇ ಹೋಗುತ್ತಾರೆ, ಸೆಲ್ಫಿ ತೆಗೆದು ಬಿಟ್ಟು ಹೋಗುತ್ತಾರೆ. ಪ್ರತಿ ರಾತ್ರಿ ತಾನೇ ಅಳಿಸಿಕೊಳ್ಳುವ ಡೆಮೊ ಸಾಫ್ಟ್‌ವೇರ್ ಇಲ್ಲದ ಫೋನನ್ನು ಮೇಜಿನ ಮೇಲೆ ಇಡಲೇಬಾರದು.

ಬಾಗಿಲ ಬಳಿಯ ಮೊದಲ ಮೂರು ನಾಲ್ಕು ಮೀಟರ್ ಖಾಲಿ ಬಿಡಿ, ಒಳಗೆ ಬಂದವರು ಅಲ್ಲಿ ಏನನ್ನೂ ಓದುವುದಿಲ್ಲ. ಮುಖ್ಯ ದಾರಿ ಎರಡೂವರೆ ಮೀಟರ್, ಗಾಲಿಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಜಾಗ. ಇಷ್ಟು ಸಾಕು.

ಸೇಲ್ಸ್‌ನವರ ಇನ್ಸೆಂಟಿವ್ ಕೂಡ ವಿನ್ಯಾಸದ ಭಾಗವೇ, ಡಿಸೈನರ್‌ಗಳು ಅದರ ಗೊಡವೆಗೆ ಹೋಗುವುದಿಲ್ಲ ಅಷ್ಟೇ. ಒಂದು ಮಾಡೆಲ್ ಮಾರಿದರೆ ಹೆಚ್ಚು ಕಮಿಷನ್ ಎಂದಾದ ಮೇಲೆ ಚೀಟಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಮಾತು ಆ ಕಡೆಗೇ ವಾಲುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ಸ್ ಮಳಿಗೆ ಸರಣಿ ಬೆಸ್ಟ್ ಬೈ 1989ರಲ್ಲೇ ಕಮಿಷನ್ ಪದ್ಧತಿ ಕೈಬಿಟ್ಟಿತು. ಅದರ ಪ್ರತಿಸ್ಪರ್ಧಿ ಸರ್ಕ್ಯೂಟ್ ಸಿಟಿ 2007ರಲ್ಲಿ ಸುಮಾರು 3,400 ಮಂದಿಯನ್ನು, ಸಂಬಳ ಜಾಸ್ತಿ ಎಂಬ ಕಾರಣಕ್ಕೆ ಮನೆಗೆ ಕಳಿಸಿತು. 2008ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಮರುವರ್ಷ ಮಳಿಗೆಗಳೆಲ್ಲ ಮುಚ್ಚಿದವು. ಅದೊಂದೇ ಕಾರಣ ಎನ್ನುವುದು ತಪ್ಪಾದೀತು, ಆರ್ಥಿಕ ಹಿಂಜರಿತವೂ ಇತ್ತು. ಆದರೂ ವಿಷಯ ಬಲ್ಲವರನ್ನೇ ಕಳೆದುಕೊಂಡ ಅಂಗಡಿಗೆ ಜನ ಯಾಕಾಗಿ ಬರಬೇಕು?

ಸರ್ವೀಸ್ ಕೌಂಟರ್‌ಗೆ ಬರೋಣ. ಗಂಟೆಗೆ 30 ಜನ ಬಂದು, ಒಬ್ಬೊಬ್ಬರಿಗೆ 12 ನಿಮಿಷ ಹಿಡಿದರೆ 360 ನಿಮಿಷದ ಕೆಲಸ, ಆರು ಕೌಂಟರ್‌ಗೆ ಸರಿಹೋಯಿತು ಎಂದು ಲೆಕ್ಕ ಹಾಕುತ್ತಾರೆ. ಜನ ಗಡಿಯಾರ ನೋಡಿಕೊಂಡು ಬರುವುದಿಲ್ಲವಲ್ಲ. ಆರೇ ಇದ್ದರೆ ಒಮ್ಮೆ ಬೆಳೆದ ಸಾಲು ಕರಗುವುದೇ ಇಲ್ಲ. ಕನಿಷ್ಠ ಏಳು, ಸಾಧ್ಯವಾದರೆ ಎಂಟು ಬೇಕು. ಎಲ್ಲದಕ್ಕೂ ಸೇರಿ ಒಂದೇ ಸಾಲು, ಮುಂದಿನವರು ಖಾಲಿಯಾದ ಕೌಂಟರ್‌ಗೆ. ಆನ್‌ಲೈನಿನಲ್ಲಿ ಬುಕ್ ಮಾಡಿ ಪೆಟ್ಟಿಗೆ ಒಯ್ಯಲು ಬಂದವರನ್ನು ಮಾತ್ರ ಇದರಲ್ಲಿ ಸೇರಿಸಬೇಡಿ. ಅವರದು ಮೂರು ನಿಮಿಷದ ಕೆಲಸ. ಸಾಲಿನಲ್ಲಿ ಅವರಿಗಿಂತ ಮುಂದೆ ಇದ್ದವರು ಹಾರ್ಡ್ ಡಿಸ್ಕಿನಿಂದ ಫೋಟೊ ಹೊರತೆಗೆಸುವ ಚರ್ಚೆಯಲ್ಲಿದ್ದರೆ ಇವರು ಹಣ ಕೊಟ್ಟೂ ನಿಂತಿರಬೇಕು.

ಫ್ರಿಜ್, ವಾಷಿಂಗ್ ಮೆಷಿನ್ ವಿಭಾಗದಲ್ಲಿ ಮನೆಬಾಗಿಲ ಅಳತೆಯ ಒಂದು ಚೌಕಟ್ಟು ನಿಲ್ಲಿಸಿ, ಅಗಲ ಹೆಚ್ಚು ಕಡಿಮೆ ಮಾಡುವಂತಿದ್ದರೆ ಇನ್ನೂ ಉತ್ತಮ. ಬಾಗಿಲಲ್ಲಿ ಹಿಡಿಸದೆ ವಾಪಸ್ ಬರುವ ಫ್ರಿಜ್ ಯಾವುದೆಂದು ಅಲ್ಲೇ ತಿಳಿಯುತ್ತದೆ. ಮೆಷಿನ್ನಿನ ಆಳದ ಜೊತೆ ಹಿಂದಿನ ಪೈಪಿಗೆ ಹತ್ತು ಸೆಂಟಿಮೀಟರ್ ಸೇರಿಸಿ ಚೀಟಿಯಲ್ಲಿ ಬರೆಯಿರಿ.

ಕೊನೆಗೆ ಇನ್‌ಸ್ಟಲೇಶನ್‌ಗೆ ಹೋಗುವವರ ಪಟ್ಟಿ. ಫ್ರಂಟ್ ಲೋಡ್ ಮೆಷಿನ್ನಿನ ಡ್ರಮ್ ಸಾಗಣೆಯಲ್ಲಿ ಅಲ್ಲಾಡದಿರಲೆಂದು ಹಿಂದೆ ಬೋಲ್ಟ್ ಹಾಕಿರುತ್ತಾರೆ, ಹೆಚ್ಚಾಗಿ ಮೂರು ಇಲ್ಲವೇ ನಾಲ್ಕು. ತೆಗೆಯಲು ಮರೆತರೆ ಮೊದಲ ಸ್ಪಿನ್‌ಗೇ ಮೆಷಿನ್ ಅಡುಗೆಮನೆ ತುಂಬಾ ನಡೆದಾಡುತ್ತದೆ, ಬೈಗುಳ ಕಂಪನಿಗಲ್ಲ, ಮಾರಿದ ಅಂಗಡಿಗೆ. ತೆಗೆದ ಬೋಲ್ಟ್‌ಗಳನ್ನು ಎಣಿಸಿ, ಕವರಿಗೆ ಹಾಕಿ, ಮೇಲೆ ಮಾಡೆಲ್ ನಂಬರ್ ಬರೆದು ಮನೆಯವರ ಕೈಗೆ ಕೊಟ್ಟು ಸಹಿ ತರಬೇಕು. ಮನೆ ಬದಲಿಸುವಾಗ ಅವು ಮತ್ತೆ ಬೇಕಾಗುತ್ತವೆ.