ಕಾರಂತರು ಎಷ್ಟು ಮಂದಿ?

ತಂಗಿಯ ಮಗಳು ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಹೋದ ತಿಂಗಳು ಫೋನ್ ಮಾಡಿದಳು. "ಮಾಮ, ಕಾರಂತರ ಒಂದು ಕಾದಂಬರಿ ಬೇಕಿತ್ತು. ನಿಮ್ಮ ಲೈಬ್ರರಿಯಲ್ಲಿ ಸಿಗುತ್ತದಾ ನೋಡ್ತೀರಾ?"

ನಮ್ಮ ಲೈಬ್ರರಿ ಯಾವುದು ಅಂತ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಪೇಪರ್ ಓದಲು ನಾನು ಅಲ್ಲಿಗೇ ಹೋಗಬೇಕು. ಸೆಂಟ್ರಲ್ ಲೈನಿನ ಒಂದು ಸ್ಟೇಷನ್ನಿಂದ ಹತ್ತು ನಿಮಿಷದ ದಾರಿ, ಎರಡನೇ ಮಾಳಿಗೆ, ಆರು ಕಬ್ಬಿಣದ ಕಪಾಟು, ಒಂದು ಫ್ಯಾನು. ಅಷ್ಟು ಸಾಕು. ಎರಡು ವರ್ಷದ ಹಿಂದೆ ಮುಂಬೈ, ಠಾಣೆ, ಡೊಂಬಿವಲಿ, ಪುಣೆಯ ಇಂಥವೇ ಕೆಲವು ಲೈಬ್ರರಿಗಳು ಸೇರಿ ಒಂದೇ ಡೇಟಾಬೇಸ್ ಮಾಡಿಕೊಂಡವು. ಯಾವ ಪುಸ್ತಕ ಎಲ್ಲಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಉದ್ಘಾಟನೆಗೆ ನಾನೂ ಹೋಗಿದ್ದೆ. ಗೋಡಂಬಿ ಬರ್ಫಿ ಚೆನ್ನಾಗಿತ್ತು.

ಮನೆಯಲ್ಲೇ ಕೂತು ನೋಡಿದೆ. ಆ ಒಂದು ಕಾದಂಬರಿಗೆ ಒಂಬತ್ತು ದಾಖಲೆ ಬಂತು. ಅದರಲ್ಲಿ ನಾಲ್ಕು ನಮ್ಮ ಲೈಬ್ರರಿಯವೇ. "ನಾಲ್ಕು ಪ್ರತಿ ಇದೆ ಮಗಾ, ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ" ಅಂತ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಮರುದಿನ ಹೋಗಿ ಕಪಾಟು ತೆಗೆದರೆ ಇದ್ದದ್ದು ಒಂದೇ ಒಂದು. ಬೆನ್ನಿಗೆ ಖಾಕಿ ಟೇಪು ಅಂಟಿಸಿದ, ಮೂಲೆ ತಿಂದುಹೋದ ಒಂದು ಪ್ರತಿ.

ಉಳಿದ ಮೂರು ಎಲ್ಲಿ? ಎಲ್ಲಿಯೂ ಇಲ್ಲ. ಅವು ಹುಟ್ಟಿಯೇ ಇರಲಿಲ್ಲ.

ಮತ್ತೆ ಪಟ್ಟಿ ನೋಡಿದಾಗ ವಿಷಯ ತಿಳಿಯಿತು. ಒಂದರಲ್ಲಿ ಲೇಖಕರು 'ಕಾರಂತ, ಶಿವರಾಮ'. ಇನ್ನೊಂದರಲ್ಲಿ 'ಶಿವರಾಮ ಕಾರಂತ, ಕೆ.'. ಮತ್ತೊಂದರಲ್ಲಿ 'ಕೋಟ ಶಿವರಾಮ ಕಾರಂತ'. ಆ ಕೆ. ಎಂದರೆ ಕೋಟ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಯಾರು ಹೇಳಬೇಕು? ಅದಕ್ಕೆ ಅವರು ಮೂವರು ಬೇರೆ ಬೇರೆ ಜನ. ಇಂಗ್ಲಿಷ್ ಅಕ್ಷರದಲ್ಲಿ ಬರೆದವು ಬೇರೆ. ಒಬ್ಬರು ಕೊನೆಗೆ ಟಿ ಮಾತ್ರ ಹಾಕಿದ್ದಾರೆ. ಒಬ್ಬರು ಟಿ ಆದಮೇಲೆ ಎಚ್ ಹಾಕಿದ್ದಾರೆ. ಒಬ್ಬರು ಎಸ್ ನೆತ್ತಿಯ ಮೇಲೆ ಸಣ್ಣ ಗೀಟು ಎಳೆದು ಪಂಡಿತರಾಗಿದ್ದಾರೆ. ಇನ್ನೊಂದರಲ್ಲಿ ಲೇಖಕರ ಹೆಸರು ಬರೀ 'ಡಾ.' ಅಷ್ಟೆ. ಮುಂದಿನದು ಟೈಪ್ ಮಾಡುವ ಹೊತ್ತಿಗೆ ಊಟಕ್ಕೆ ಕರೆ ಬಂದಿರಬೇಕು. ಯಾರೋ ಭಕ್ತರು 'ಕಡಲತೀರದ ಭಾರ್ಗವ' ಅಂತ ನಮೂದಿಸಿದ್ದಾರೆ. ಕೋಪ ಬರಲಿಲ್ಲ, ಕೈ ಮುಗಿಯುವ ಹಾಗಾಯಿತು.

ಕಾರಂತರು ಬರೆದದ್ದು ಸ್ವಲ್ಪವೇನಲ್ಲ. ಕಾದಂಬರಿ, ನಾಟಕ, ಯಕ್ಷಗಾನ, ಮಕ್ಕಳಿಗೆ ವಿಜ್ಞಾನ. ಇಷ್ಟನ್ನೂ ಒಬ್ಬನೇ ಮನುಷ್ಯ ಬರೆದಿರಲು ಸಾಧ್ಯವಿಲ್ಲ ಅಂತ ಕಂಪ್ಯೂಟರ್ ತೀರ್ಮಾನ ಮಾಡಿದ್ದರೆ ಅದರದ್ದೇನೂ ತಪ್ಪಿಲ್ಲ, ಅಲ್ವಾ?

ಹತ್ತನೆಯ ದಾಖಲೆ ಒಂದಿತ್ತು. ಅದು ನನ್ನ ಹುಡುಕಾಟಕ್ಕೆ ಸಿಕ್ಕಿರಲೇ ಇಲ್ಲ. ತೋರಿಸಿದ್ದು ಲೈಬ್ರರಿ ನೋಡಿಕೊಳ್ಳುವ ಅಕ್ಕ.

"ಇದು ನೋಡಿ ಸರ್."

ಪರದೆಯ ಮೇಲೆ 'ಕಾರ೦ತ' ಅಂತಿತ್ತು.

"ಸರಿಯಾಗೇ ಇದೆಯಲ್ಲ ಅಕ್ಕ."

"ಕನ್ನಡಕ ಹಾಕಿಕೊಂಡು ನೋಡಿ."

ಹಾಕಿಕೊಂಡೆ. ಆಗಲೂ ಸರಿಯಾಗೇ ಇತ್ತು.

"ನಡುವೆ ಇರುವುದು ಅನುಸ್ವಾರ ಅಲ್ಲ ಮಾರಾಯ್ರೆ, ಅಂಕಿ ಸೊನ್ನೆ! ಪುಸ್ತಕದ ಹೆಸರಿನಲ್ಲೂ ಹಾಗೇ!"

ಕನ್ನಡದ ಅನುಸ್ವಾರವೂ ಕನ್ನಡದ ಅಂಕಿ ಸೊನ್ನೆಯೂ ನೋಡಲು ಅವಳಿ ಜವಳಿ. ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ ಎರಡಕ್ಕೂ ಬೇರೆ ಬೇರೆ ಸಂಕೇತ. ನೀವು ಅನುಸ್ವಾರ ಹಾಕಿ ಹುಡುಕಿದರೆ ಸೊನ್ನೆಯ ಕಾರಂತರು ಬರುವುದಿಲ್ಲ. ಸೊನ್ನೆ ಹಾಕಿ ಹುಡುಕಿದರೆ ಅನುಸ್ವಾರದ ಕಾರಂತರು ಮುಖ ತಿರುಗಿಸುತ್ತಾರೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಹೆತ್ತ ತಾಯಿಗೂ ಗುರುತು ಸಿಗಲಾರದು. ಟೈಪ್ ಮಾಡಿದ ಹುಡುಗನನ್ನು ಬೈಯೋಣ ಅಂದರೆ ಅದೂ ಕಷ್ಟ. ನಮ್ಮ ಒಂದನೇ ಕ್ಲಾಸಿನ ಮೇಷ್ಟ್ರು ಏನು ಹೇಳಿಕೊಟ್ಟಿದ್ದರು? 'ಕ ಮುಂದೆ ಸೊನ್ನೆ ಹಾಕಿದರೆ ಕಂ.' ಹುಡುಗ ಮೇಷ್ಟ್ರ ಮಾತು ಕೇಳಿದ್ದಾನೆ. ಸೊನ್ನೆ ಹಾಕಿದ್ದಾನೆ.

ಇದೆಲ್ಲ ಆಗಬಾರದು ಅಂತಲೇ ದೊಡ್ಡವರು ಎಷ್ಟೋ ಹಿಂದೆ ತಲೆ ಕೆಡಿಸಿಕೊಂಡಿದ್ದರು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಏವ್ರಮ್ ಎನ್ನುವ ಹೆಂಗಸು ಮಾರ್ಕ್ ಅನ್ನುವ ಪದ್ಧತಿ ಕಟ್ಟಿದರು. ಲೇಖಕರ ಹೆಸರಿಗೆ 100ನೇ ನಂಬರಿನ ಖಾನೆ, ಪುಸ್ತಕದ ಹೆಸರಿಗೆ 245. ಜಗತ್ತಿನ ಯಾವ ಲೈಬ್ರರಿಯ ಕಂಪ್ಯೂಟರಿಗೆ ಕೊಟ್ಟರೂ ಓದಬೇಕು. 1971ರಲ್ಲಿ ಒಹಾಯೋದ ಲೈಬ್ರರಿಗಳು ಒಂದೇ ಕಂಪ್ಯೂಟರಿಗೆ ತಂತಿ ಎಳೆದುಕೊಂಡು ಹಂಚಿಕೊಳ್ಳಲು ಶುರು ಮಾಡಿದವು. ಲೆಕ್ಕ ಸುಲಭ. ಒಬ್ಬರು ಟೈಪ್ ಮಾಡಿದ್ದನ್ನು ಉಳಿದವರೆಲ್ಲ ತೆಗೆದುಕೊಳ್ಳುವುದು. ನಾವೂ ಅದನ್ನೇ ತಂದೆವು, ಒಂದು ಸಣ್ಣ ತಿದ್ದುಪಡಿಯೊಂದಿಗೆ. ನಮ್ಮಲ್ಲಿ ಎಲ್ಲರೂ ಟೈಪ್ ಮಾಡುತ್ತಾರೆ. ಯಾರೂ ತೆಗೆದುಕೊಳ್ಳುವುದಿಲ್ಲ.

ಯಾಕೆ ಅಂತ ಕೇಳಿದರೆ ಕಾರಣ ಸಣ್ಣದು. ಟೈಪಿಂಗ್ ಕೆಲಸ ಗುತ್ತಿಗೆಗೆ ಕೊಟ್ಟಿದ್ದರು, ದಾಖಲೆಗೆ ಇಷ್ಟು ರೂಪಾಯಿ ಅಂತ. ಪುಸ್ತಕ ಮೊದಲೇ ಇದೆಯಾ ಎಂದು ಹುಡುಕಲು ಎರಡು ನಿಮಿಷ ಬೇಕು, ಸಿಕ್ಕಿದರೆ ಕಾಸಿಲ್ಲ. ಸುಮ್ನೆ ಹೊಸದಾಗಿ ಹಾಕಿದರೆ ಕಾಸಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅದಕ್ಕಿಂತ ಮೊದಲು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟ ಹಳೇ ಪಟ್ಟಿ ಒಂದಿತ್ತು, ಅದನ್ನು ಯೂನಿಕೋಡ್‌ಗೆ ತಿರುಗಿಸಿ ಸುರಿದರು. ಆಮೇಲೆ ರಜೆಯಲ್ಲಿ ಕಾಲೇಜು ಮಕ್ಕಳು ಬಂದು ಸೇವೆ ಅಂತ ಇನ್ನೊಂದು ಸುತ್ತು ಹಾಕಿದರು. ಖಾಕಿ ಟೇಪಿನ ಆ ಒಂದು ಪುಸ್ತಕಕ್ಕೆ ಹೀಗೆ ಮೂರು ನಾಲ್ಕು ಸಲ ನಾಮಕರಣ ಆಯಿತು.

ನಾನು ಸಮಿತಿಗೆ ಒಂದು ಪತ್ರ ಬರೆದೆ. ಅದು ನನ್ನ ತಪ್ಪು. ಪತ್ರ ಬರೆದವರನ್ನು ಮೀಟಿಂಗಿಗೆ ಕರೆಯುತ್ತಾರೆ.

ಮೀಟಿಂಗಿನಲ್ಲಿ ಮೊದಲ ಅರ್ಧ ಗಂಟೆ ಊರಿನ ಹೆಸರಿಗೆ ಹೋಯಿತು. ಪುಸ್ತಕದ ಮೇಲೆ ಪ್ರಕಟಣೆಯ ಊರು ಹೇಗೆ ಅಚ್ಚಾಗಿದೆಯೋ ಹಾಗೇ ಬರೆಯಬೇಕು ಅನ್ನುವುದು ನಿಯಮ. ಅದರಂತೆ ನಮ್ಮ ಡೇಟಾಬೇಸಿನಲ್ಲಿ ಮುಂಬೈ, ಮುಂಬಯಿ, ಬೊಂಬಾಯಿ ಮೂರೂ ಇವೆ. ಇಂಗ್ಲಿಷ್ ಹೆಸರು ಸರ್ಕಾರಿ ಲೆಕ್ಕದಲ್ಲಿ ಬದಲಾದದ್ದು 1995ರಲ್ಲಿ. ಕಂಪ್ಯೂಟರಿನ ಪ್ರಕಾರ ನಾವೆಲ್ಲ ಮೂರು ಪಟ್ಟಣಗಳಲ್ಲಿ ಏಕಕಾಲಕ್ಕೆ ಸಂಸಾರ ಮಾಡುತ್ತಿದ್ದೇವೆ, ಬಾಡಿಗೆ ಮಾತ್ರ ಒಂದೇ. ಒಬ್ಬ ಹಿರಿಯರು, "ಊರು ಒಂದೇ ಅಂತ ಗೊತ್ತಿದ್ದೂ ಯಾಕೆ ಮೂರು ಇಡಬೇಕು?" ಅಂದರು. ಇನ್ನೊಬ್ಬರು, "ನಿಮ್ಮ ಹೋಟೆಲಿನ ಬೋರ್ಡಿನಲ್ಲಿ ಉಡಿಪಿ ಅಂತಿದೆಯಲ್ಲ, ಅದನ್ನು ಮೊದಲು ಉಡುಪಿ ಮಾಡಿ" ಅಂದರು. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು.

ಐಎಸ್‌ಬಿಎನ್ ನಂಬರು, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನೋಡಿ ಒಂದುಗೂಡಿಸಬಹುದಲ್ಲ ಅಂತ ನಾನೇ ಬಾಯಿ ಹಾಕಿದೆ. ಅದೂ ಮುಳ್ಳಿನ ದಾರಿಯೇ. 2007ಕ್ಕಿಂತ ಮೊದಲು ಹತ್ತು ಅಂಕಿ, ಆಮೇಲೆ ಹದಿಮೂರು. ಒಂದೇ ಪುಸ್ತಕಕ್ಕೆ ಒಬ್ಬರು ಹತ್ತರದ್ದು ಹಾಕಿದ್ದಾರೆ, ಇನ್ನೊಬ್ಬರು ಹದಿಮೂರರದ್ದು. ನಮ್ಮ ಕಪಾಟಿನ ಅರ್ಧ ಪುಸ್ತಕಗಳಿಗಂತೂ ಆ ನಂಬರೇ ಇಲ್ಲ, ಅವು ಅದಕ್ಕಿಂತ ಮೊದಲೇ ಅಚ್ಚಾದವು.

ಕೊನೆಗೆ ಅಕ್ಕ ಎದ್ದು ಹೇಳಿದರು. ನಮ್ಮದು ಕೋಹಾ ಅನ್ನುವ ಸಾಫ್ಟ್‌ವೇರ್. ನ್ಯೂಜಿಲೆಂಡಿನದು, ಪುಕ್ಕಟೆ. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆಯಂತೆ. ಅದರಲ್ಲಿ ಎರಡು ದಾಖಲೆಗೆ ಟಿಕ್ ಹಾಕಿ, ಯಾವುದು ಉಳಿಯಬೇಕು ಅಂತ ಹೇಳಿ, ಒಂದು ಬಟನ್ ಒತ್ತಿದರೆ ಆಯಿತು. ಪ್ರತಿಗಳೆಲ್ಲ ಉಳಿದ ದಾಖಲೆಯ ಕೆಳಗೆ ಬರುತ್ತವೆ, ಇನ್ನೊಂದು ಹೋಗುತ್ತದೆ. "ದಿನಕ್ಕೆ ಇಪ್ಪತ್ತು ಮಾಡಿದರೂ ಸಾಕು ಸರ್. ನನಗೆ ಅನುಮತಿ ಕೊಡಿ."

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಯಾವುದು ಉಳಿಯುವುದು?" ಪುಣೆಯವರು ಕೇಳಿದರು.

"ಯಾವುದರಲ್ಲಿ ವಿವರ ಜಾಸ್ತಿ ಇದೆಯೋ ಅದು."

"ಅಂದರೆ ನಮ್ಮ ದಾಖಲೆ ಅಳಿಸಿ ಡೊಂಬಿವಲಿಯದ್ದು ಇಡುವುದಾ?"

ನನಗೆ ಊರಿನ ಮನೆಯ ಪಾಲುಪಟ್ಟಿ ನೆನಪಾಯಿತು. ಹಿತ್ತಲಿನ ಹಲಸಿನ ಮರ ಒಂದೇ. ಅದರ ಹಣ್ಣು ಯಾರಿಗೂ ಬೇಡ. ಆದರೆ ಮರ ನಿಮ್ಮದು ಅಂತ ಬರೆದುಕೊಡಲು ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬರೂ ತಯಾರಿಲ್ಲ.

ಅಧ್ಯಕ್ಷರಿಗೆ ಬೇರೆಯೇ ಚಿಂತೆ. ವಾರ್ಷಿಕ ವರದಿ ಅಚ್ಚಿಗೆ ಹೋಗಿತ್ತು. ಅದರ ಮೊದಲ ಪುಟದಲ್ಲೇ 'ನಮ್ಮ ಜಂಟಿ ಭಂಡಾರ ಎರಡೇ ವರ್ಷದಲ್ಲಿ ಮೂರು ಪಟ್ಟು' ಅಂತ ದಪ್ಪಕ್ಷರ. ಆ ಎರಡು ವರ್ಷದಲ್ಲಿ ನಮ್ಮ ಲೈಬ್ರರಿ ಹೊಸದಾಗಿ ಕೊಂಡದ್ದು ಒಂದು ಪಂಚಾಂಗ. ಹೀಗೆ ಕಾಸು ಖರ್ಚಿಲ್ಲದೆ ಬೆಳೆಯುವ ಲೈಬ್ರರಿ ನಮ್ಮದು ಮಾತ್ರ ಇರಬೇಕು. ಪುಸ್ತಕ ಇಡಲು ಜಾಗವೂ ಬೇಡ, ಮುಂಬೈಯಂಥ ಊರಿಗೆ ಹೇಳಿ ಮಾಡಿಸಿದ್ದು.

ಒಬ್ಬ ಯುವಕ ಸದಸ್ಯರು, ಐಟಿಯವರು, "ಒಂದೊಂದೇ ಯಾಕೆ, ರಾತ್ರೋರಾತ್ರಿ ಎಲ್ಲ ಒಂದು ಮಾಡಿ ಕೊಡ್ತೇನೆ" ಅಂದರು. ಪುಸ್ತಕದ ಹೆಸರಿನ ಅಥವಾ ಲೇಖಕರ ಹೆಸರಿನ ಒಂದೆರಡು ಪದ ಹೊಂದಿದರೆ ಸಾಕು, ಜೋಡಿಸು ಅಂತ ಪ್ರೋಗ್ರಾಂ ಬರೆದರು. ಬೆಳಿಗ್ಗೆ ನೋಡಿದರೆ ಒಂದು ಗ್ರಂಥದ ಏಳು ಸಂಪುಟಗಳು ಒಂದೇ ಸಂಪುಟವಾಗಿದ್ದವು. ನಾಟಕದ ಬಿ.ವಿ. ಕಾರಂತರು ಕೋಟದವರಾಗಿದ್ದರು. ಮಾಸ್ತಿಯವರ ಕಾವ್ಯನಾಮ 'ಶ್ರೀನಿವಾಸ' ಅಲ್ವಾ? ಹಾಗಾಗಿ ಊರಲ್ಲಿದ್ದ ಶ್ರೀನಿವಾಸರೆಲ್ಲ ಮಾಸ್ತಿಯವರಾದರು. ಬಾಯ್ಲರ್ ರಿಪೇರಿಯ ಕೈಪಿಡಿ ಬರೆದ ಒಬ್ಬರಿಗೆ ರಾತ್ರಿ ಬೆಳಗಾಗುವುದರೊಳಗೆ ಜ್ಞಾನಪೀಠ ಬಂತು.

ಸೊನ್ನೆಯ ಕಾರಂತರು ಮಾತ್ರ ಇದ್ದಲ್ಲೇ ಇದ್ದರು. ಅವರು ಯಾರಿಗೂ ಹೊಂದಲಿಲ್ಲ.

ಇಷ್ಟಾದರೂ ಹೇಗೋ ತಿದ್ದಿಕೊಳ್ಳಬಹುದಿತ್ತೇನೋ. ಅಷ್ಟರಲ್ಲಿ ಲೆಕ್ಕ ತಪಾಸಣೆಯವರು ಬಂದರು. ಅವರು ಕಪಾಟು ನೋಡಲಿಲ್ಲ, ಸಂಖ್ಯೆ ನೋಡಿದರು. ಹೋದ ತಿಂಗಳು ಇಷ್ಟಿದ್ದ ಪುಸ್ತಕ ಈ ತಿಂಗಳು ಮೂರನೇ ಒಂದು ಭಾಗ ಆಗಿದೆ, ಉಳಿದದ್ದು ಯಾರು ಒಯ್ದರು, ಪೊಲೀಸ್ ದೂರು ಕೊಟ್ಟಿದ್ದೀರಾ ಅಂತ ಲಿಖಿತ ವಿವರಣೆ ಕೇಳಿದರು. ಅಧ್ಯಕ್ಷರು ಬೆವರಿದರು. ಅಂದೇ ಸಂಜೆ ಹಳೇ ಬ್ಯಾಕಪ್ ತಂದು ಮೇಲೆ ಸುರಿದರು. ಜೋಡಿಸಿದ್ದನ್ನು ಅಳಿಸದೆಯೇ ಸುರಿದರು. ಈಗ ಭಂಡಾರ ನಾಲ್ಕು ಪಟ್ಟು. ತಪಾಸಣೆಯವರು ಸಂತೋಷದಿಂದ ಸಹಿ ಹಾಕಿದರು.

ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಬಂತು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಫೋಟೋಕ್ಕೆ ಹಾರ ಹಾಕಿದೆವು. ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದನ್ನು, ಓದುಗನ ಸಮಯ ಉಳಿಸು ಅನ್ನುವುದನ್ನು, ಅಧ್ಯಕ್ಷರು ಐವತ್ತು ನಿಮಿಷ ವಿವರಿಸಿದರು.

ಮನೆಗೆ ಬರುವಾಗ ದಾದರಿನಲ್ಲಿ ಗಾಡಿ ಬದಲಾಯಿಸಿದೆ. ದಾದರ್ ಗೊತ್ತಲ್ಲ, ಮೊದಲೆಲ್ಲ ಸೆಂಟ್ರಲ್‌ನವರದ್ದೂ ಒಂದನೇ ಪ್ಲಾಟ್‌ಫಾರ್ಮ್, ವೆಸ್ಟರ್ನ್‌ನವರದ್ದೂ ಒಂದನೇ ಪ್ಲಾಟ್‌ಫಾರ್ಮ್. 'ಒಂದರ ಹತ್ತಿರ ನಿಲ್ಲಿ' ಅಂತ ಹೇಳಿ ಎಷ್ಟು ಮದುವೆ ಮಾತುಕತೆ ಮುರಿದುಬಿದ್ದವೋ. 2023ರ ಡಿಸೆಂಬರಿನಲ್ಲಿ ವೆಸ್ಟರ್ನ್‌ನದ್ದನ್ನು 1ರಿಂದ 7 ಅಂತ ಹಾಗೇ ಬಿಟ್ಟು, ಸೆಂಟ್ರಲ್‌ನದ್ದನ್ನು 8ರಿಂದ ಮುಂದಕ್ಕೆ ಎಣಿಸಿದರು. ಯಾವ ಪ್ಲಾಟ್‌ಫಾರ್ಮೂ ಮುನಿಸಿಕೊಳ್ಳಲಿಲ್ಲ. ಇದನ್ನು ಮುಂದಿನ ಮೀಟಿಂಗಿನಲ್ಲಿ ಹೇಳಬೇಕು ಅಂದುಕೊಂಡೆ. ಆಮೇಲೆ ಬೇಡ ಅನಿಸಿತು. ಉಪಸಮಿತಿ ಮಾಡಿ ನನ್ನನ್ನೇ ಸಂಚಾಲಕ ಮಾಡುತ್ತಾರೆ.

ತಂಗಿಯ ಮಗಳು ಕಾದಂಬರಿ ಓದಿ ಮುಗಿಸಿ ವಾಪಸ್ ಕೊಟ್ಟಳು. ನಾನು ಲೈಬ್ರರಿಗೆ ಒಪ್ಪಿಸಿ ಬಂದೆ. ವಾರದ ಮೇಲೆ ಮೊಬೈಲಿಗೆ ಮೆಸೇಜು, ಪುಸ್ತಕ ಬಾಕಿ ಇದೆ, ದಿನಕ್ಕೆ ಎರಡು ರೂಪಾಯಿ ದಂಡ.

ಓಡಿದೆ. ಅಕ್ಕ ಕಪಾಟಿನಿಂದ ಅದೇ ಪುಸ್ತಕ ತೆಗೆದು ತಿರುವಿ ತೋರಿಸಿದರು. ಹಿಂಬದಿಯ ರಟ್ಟಿನ ಮೇಲೆ ಒಂದು ಬಾರ್‌ಕೋಡ್ ಚೀಟಿ. ಒಳಗೆ, ಖಾಕಿ ಟೇಪಿನ ಪಕ್ಕ, ಇನ್ನೊಂದು. ಕೊಡುವಾಗ ಒಳಗಿನದ್ದನ್ನು ಓದಿಸಿದ್ದಾರೆ, ತೆಗೆದುಕೊಳ್ಳುವಾಗ ಹೊರಗಿನದ್ದನ್ನು. ನಾನು ಒಯ್ಯದೇ ಇದ್ದ ಪುಸ್ತಕ ವಾಪಸ್ ಬಂದಿದೆ. ಒಯ್ದದ್ದು ಬಂದಿಲ್ಲ.

"ಪುಸ್ತಕ ನಿಮ್ಮ ಕೈಯಲ್ಲೇ ಇದೆಯಲ್ಲ ಅಕ್ಕ!"

"ನನಗೆ ಗೊತ್ತು ಸರ್. ಕಂಪ್ಯೂಟರಿಗೆ ಗೊತ್ತಿಲ್ಲ. ಸರಿ ಮಾಡಬೇಕಾದರೆ ಸಮಿತಿಗೆ ಒಂದು ಪತ್ರ ಬರೀಬೇಕು."

ನಾನು ಹದಿನಾಲ್ಕು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟೆ. ಅಕ್ಕ ರಸೀದಿ ಹರಿದುಕೊಟ್ಟರು. ಕನ್ನಡಕ ಹಾಕಿಕೊಂಡು ಓದಿದೆ. ಲೇಖಕರು: ಕಾರ೦ತ.