ಸರ್ಕಾರದ ಬಾಗಿಲ ಮೇಲೆ ‘ನಾಳೆ ಬಾ’

ಇವತ್ತೂ ಸರ್ವರ್ ಡೌನ್ ಅಂತೆ.

ಇದನ್ನು ಸುದ್ದಿ ಅಂತ ಹೇಳುತ್ತಿಲ್ಲ. ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಮಳೆ ಬಂತು ಅಂದರೆ ಅದು ಸುದ್ದಿಯಾ? ಇದೂ ಹಾಗೇ. ಸರ್ಕಾರದ ಆರೋಗ್ಯ ವಿಮೆ ಕಾರ್ಡ್ ಮಾಡಿಸಲು ಹೋದವರಿಗೆಲ್ಲ ಗೊತ್ತಿರುವ ಕತೆ. ಪರದೆಯ ಮಧ್ಯೆ ಒಂದು ಚಕ್ರ ತಿರುಗುತ್ತದೆ. ವಿಷ್ಣುವಿನ ಚಕ್ರವಾದರೆ ಯಾರದ್ದಾದರೂ ತಲೆ ತೆಗೆದು ವಾಪಸ್ ಬರುತ್ತದೆ. ಈ ಚಕ್ರಕ್ಕೆ ತಿರುಗುವುದೊಂದೇ ಕೆಲಸ.

ನಮ್ಮ ಅತ್ತೆಗೆ 72 ವರ್ಷ. ಮೂರು ದಿನದಿಂದ ಹೋಬಳಿಗೆ ಬಸ್ಸಲ್ಲಿ ಹೋಗಿ ಬರುತ್ತಿದ್ದಾರೆ, ಜೊತೆಗೆ ನಾನು. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅಂತ ನೀವು ಕೇಳಬಹುದು. ಫ್ರೀ ಇರುವುದು ಸರ್ಕಾರಿ ಬಸ್ಸಿಗೆ. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು. ಹಾಗಾಗಿ ಉಚಿತ ಚಿಕಿತ್ಸೆಯ ಕಾರ್ಡಿಗೆ ಉಚಿತ ಬಸ್ಸಿನ ಆಸೆಯಲ್ಲಿ ಹೊರಟು, ದಿನಾ ಟಿಕೆಟ್ ಕೊಳ್ಳುತ್ತಿದ್ದೇವೆ.

ಮೊದಲ ದಿನ ಹೆಬ್ಬೆಟ್ಟಿನ ದಿನ.

ಅತ್ತೆಗೆ ಸಹಿ ಹಾಕಲು ಬರುತ್ತದೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ, ಲಾಟೀನು ಬೆಳಕಲ್ಲಿ ಸ್ಲೇಟು ಹಿಡಿದು ಕಲಿತದ್ದು. ‘ಹೆಬ್ಬೆಟ್ಟು’ ಅನ್ನುವುದೇ ಬೈಗುಳವಾಗಿದ್ದ ಕಾಲ. ಇನ್ನು ಮುಂದೆ ಯಾರೂ ಹೆಬ್ಬೆಟ್ಟು ಒತ್ತಬಾರದು ಅಂತ ಸರ್ಕಾರವೇ ಊರೂರಿಗೆ ಬಂದು ಹೇಳಿತ್ತು. ಈಗ ಅದೇ ಸರ್ಕಾರ ಡಾಕ್ಟರೇಟ್ ಮಾಡಿದವರ ಕೈಯಲ್ಲೂ ಹೆಬ್ಬೆಟ್ಟು ಒತ್ತಿಸುತ್ತಿದೆ. ಪೆನ್ನು ಕೊಡಿ ಅಂತ ಕೈ ಚಾಚಿದ ಅತ್ತೆಗೆ ಕಾರ್ಡ್ ಮಾಡಿಕೊಡುವ ಕೌಂಟರಿನ ಹುಡುಗಿ ಒಂದು ಪುಟ್ಟ ಕಪ್ಪು ಡಬ್ಬಿ ತೋರಿಸಿದಳು. ಒಳಗೆ ಕೆಂಪು ದೀಪ.

ಅತ್ತೆ ಬೆರಳಿಟ್ಟರು. ದೀಪ ಮಿಣಿಮಿಣಿ ಅಂತು. ತಗೊಳ್ಳಲಿಲ್ಲ.

‘ಅಜ್ಜಿ, ಕೈ ತೊಳ್ಕೊಂಡು ಬನ್ನಿ.’ ತೊಳೆದರು. ‘ಸೆರಗಲ್ಲಿ ಒರೆಸಿಕೊಳ್ಳಿ.’ ಒರೆಸಿಕೊಂಡರು. ‘ಸ್ವಲ್ಪ ತಲೆಗೆ ಉಜ್ಜಿ, ಎಣ್ಣೆ ಪಸೆ ಬೇಕು.’ ಉಜ್ಜಿದರು. ಎಡಗೈ, ಬಲಗೈ, ತೋರುಬೆರಳು, ಉಂಗುರಬೆರಳು. ಹತ್ತೂ ಆಯಿತು. ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ ಅದು. ಚೊಗರು ಹತ್ತಿ ಉಗುರ ಸಂದು ಇನ್ನೂ ಕಪ್ಪಗಿದೆ. ಬೂದಿ ಹಾಕಿ ಪಾತ್ರೆ ತಿಕ್ಕಿದ ಬೆರಳಲ್ಲಿ ಗೆರೆ ಎಲ್ಲಿಂದ ಉಳಿಯಬೇಕು? ಕೆಲಸ ಮಾಡದ ಕೈಯನ್ನು ಆ ಡಬ್ಬಿ ಒಂದೇ ಸಲಕ್ಕೆ ಗುರುತಿಸುತ್ತದೆ. ನನ್ನ ಬೆರಳು ಇಟ್ಟು ನೋಡಿದೆ. ಪಟ್ ಅಂತ ತಗೊಂಡಿತು.

ಎರಡನೇ ದಿನ ಹೆಸರಿನ ದಿನ. ಆ ಹುಡುಗಿ, ಪಾಪ, ಒಟಿಪಿ ದಾರಿಯಲ್ಲಿ ಮಾಡೋಣ ಅಂದಳು. ಅಷ್ಟರಲ್ಲಿ ರೇಷನ್ ಕಾರ್ಡಿನ ಹೆಸರಿಗೂ ಆಧಾರ್ ಹೆಸರಿಗೂ ತಾಳೆ ಆಗುತ್ತಿಲ್ಲ ಅಂತ ಬಂತು. ಗೌರಮ್ಮ ಅನ್ನುವ ಹೆಸರು ಇಟ್ಟುಕೊಳ್ಳಿ. ಕನ್ನಡದಲ್ಲಿ ಅದನ್ನು ಬರೆಯಲು ಒಂದೇ ದಾರಿ. ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ‘ಜಿ ಓ ಡಬ್ಲ್ಯೂ’ ಅಂತ ಶುರು ಮಾಡುತ್ತಾನೆ, ಇನ್ನೊಬ್ಬ ‘ಜಿ ಎ ಯು’, ಮತ್ತೊಬ್ಬ ‘ಜಿ ಓ ಯು’. ಒಬ್ಬಳೇ ಗೌರಮ್ಮ, ಮೂರು ಅವತಾರ. ಇದರ ಜೊತೆಗೆ ನಮ್ಮ ಹಳೇ ಕಾಗದಪತ್ರಗಳ ‘ಬಿನ್’ ಮತ್ತು ‘ಕೋಂ’ ಇದೆಯಲ್ಲ, ಇಂಥವರ ಮಗ, ಇಂಥವರ ಹೆಂಡತಿ ಅಂತ ಹೇಳುವುದು? ಯಾರೋ ಪುಣ್ಯಾತ್ಮ ಅತ್ತೆಯ ‘ಕೋಂ’ ಅನ್ನು ಹೆಸರಿಗೇ ಸೇರಿಸಿ ಟೈಪ್ ಮಾಡಿದ್ದಾನೆ. ಕಂಪ್ಯೂಟರಿನ ಪ್ರಕಾರ ನಮ್ಮ ಅತ್ತೆಗೆ ಈಗ ಚೀನಾ ಕಡೆಯ ಒಂದು ಮನೆತನದ ಹೆಸರಿದೆ.

ಅದನ್ನು ಸರಿ ಮಾಡಲು ಕೂತಾಗ ‘ಸೆಷನ್ ಎಕ್ಸ್‌ಪೈರ್ ಆಯ್ತು’ ಅಂದಳು ಹುಡುಗಿ.

‘ಅಯ್ಯೋ, ಯಾರು ಎಕ್ಸ್‌ಪೈರ್ ಆದ್ರು?’ ಅಂತ ಅತ್ತೆ ಗಾಬರಿಯಿಂದ ಎದ್ದರು. ಹಿಂದೆ ಸಾಲಲ್ಲಿದ್ದ ಅಜ್ಜ ಒಬ್ಬರು ‘ಇನ್ನೂ ಯಾರೂ ಇಲ್ಲ ಕಣಮ್ಮ, ಹೀಗೇ ಇನ್ನೊಂದು ವಾರ ಕಾಯ್ಸಿದ್ರೆ ನಾನೇ’ ಅಂದರು.

ಸರ್ವರ್ ಅನ್ನುವ ಪದ ಕೇಳಿದಾಗೆಲ್ಲ ನನಗೆ ಹೋಟೆಲೇ ನೆನಪಾಗುತ್ತದೆ. ಕನ್ನಡದಲ್ಲಿ ಸರ್ವರ್ ಅಂದರೆ ಮೊದಲು ಮನುಷ್ಯನೇ ಆಗಿದ್ದ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ ನೋಡಿ. ಭುಜದಿಂದ ಅಂಗೈವರೆಗೆ ಮಸಾಲೆದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುತ್ತಾರೆ. ಭಾನುವಾರ ಬೆಳಗ್ಗೆ ಹೊರಗೆ ರಸ್ತೆವರೆಗೆ ಜನ. ಯಾವತ್ತಾದರೂ ‘ಜನ ಜಾಸ್ತಿ ಬಂದುಬಿಟ್ರು, ನಾನು ಡೌನ್’ ಅಂತ ಅವರು ನೆಲದ ಮೇಲೆ ಮಲಗಿದ್ದು ನೋಡಿದ್ದೀರಾ? ಎರಡನೇ ಕಾಫಿ ಕೇಳಿದ್ದಕ್ಕೆ ಮೊದಲು ನಿಮ್ಮ ಬೆರಳು ಕೊಡಿ ಅಂದಿದ್ದಾರಾ? ಹಳೇ ಹೋಟೆಲುಗಳಲ್ಲಂತೂ ಇಡ್ಲಿಯಿಂದ ಬಾದಾಮಿ ಹಾಲಿನವರೆಗೆ ಒಂದೇ ಉಸಿರಲ್ಲಿ ಹೇಳಿ, ಆರು ಟೇಬಲ್ಲಿನ ಲೆಕ್ಕ ತಲೆಯಲ್ಲೇ ಇಟ್ಟುಕೊಂಡು, ಬಿಲ್ಲನ್ನು ಸಾಸರಿನ ಕೆಳಗೆ ಸಿಕ್ಕಿಸಿ ಹೋಗುತ್ತಿದ್ದರು. ಅದು ಸರ್ವರ್.

ಬರೀ ನಮ್ಮವರನ್ನೇ ಬೈದರೆ ದೇಶದ್ರೋಹ ಅಂತೀರಿ. ಅಮೆರಿಕದಲ್ಲೂ ಆಗಿದೆ. 2013ರ ಅಕ್ಟೋಬರ್ 1ಕ್ಕೆ ಒಬಾಮಾ ಸರ್ಕಾರ ಆರೋಗ್ಯ ವಿಮೆಯ ಜಾಲತಾಣ ತೆರೆಯಿತು. ಲಕ್ಷಗಟ್ಟಲೆ ಜನ ನುಗ್ಗಿದರು. ಮೊದಲ ದಿನ ಯಶಸ್ವಿಯಾಗಿ ನೋಂದಣಿ ಆದವರು ಎಷ್ಟು ಜನ ಗೊತ್ತಾ? 6. ಆರು ಲಕ್ಷ ಅಲ್ಲ, ಆರು ಸಾವಿರ ಅಲ್ಲ. ಒಂದು ಆಟೋದಲ್ಲಿ ಕೂರಿಸಿ ಕಳಿಸಬಹುದಾದಷ್ಟು. ಆದರೆ ಅಲ್ಲಿ ಅಧ್ಯಕ್ಷರೇ ನಿಂತು ತಪ್ಪಾಗಿದೆ ಅಂದರು, ಎರಡು ತಿಂಗಳಲ್ಲಿ ಬಹುಮಟ್ಟಿಗೆ ಸರಿಪಡಿಸಿದರು. ನಮ್ಮಲ್ಲಿ ತಪ್ಪು ಆಗುವುದಿಲ್ಲ. ಸರ್ವರ್ ಮಾತ್ರ ಡೌನ್ ಆಗುತ್ತದೆ, ತಾನಾಗೇ, ಸೂರ್ಯಗ್ರಹಣದ ಥರ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ನಿಮಗೆ ನೆನಪಿರಬೇಕು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಆಗ ನಾವು ಒಳಗಿದ್ದೆವು. ಈಗ ಸರ್ಕಾರ ಒಳಗಿದೆ, ಬಾಗಿಲ ಮೇಲೆ ‘ಸರ್ವರ್ ಬ್ಯುಸಿ, ಮತ್ತೆ ಪ್ರಯತ್ನಿಸಿ’ ಅಂತ ಬರೆದಿದೆ. ಹೊರಗೆ ನಾವು, ದೆವ್ವಗಳು.

ತಮಾಷೆ ಅಂದರೆ ನಿಜವಾದ ದೆವ್ವಗಳನ್ನು ಒಳಗೆ ಬಿಟ್ಟಿದ್ದಾರೆ. 2023ರ ಆಗಸ್ಟಿನಲ್ಲಿ ಕೇಂದ್ರದ ಆರೋಗ್ಯ ವಿಮೆ ಯೋಜನೆ ಆಯುಷ್ಮಾನ್ ಭಾರತ್ ಬಗ್ಗೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂತಲ್ಲ, ಅದನ್ನು ನೋಡಿ. ದಾಖಲೆಯಲ್ಲಿ ಆಗಲೇ ಸತ್ತಿದ್ದಾರೆ ಅಂತ ಇದ್ದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿದೆ. ಸತ್ತವರಿಗೆ ಸೆಷನ್ ಎಕ್ಸ್‌ಪೈರ್ ಆಗಲಿಲ್ಲ. ಇನ್ನು 7,49,820 ಫಲಾನುಭವಿಗಳದ್ದು ಒಂದೇ ಮೊಬೈಲ್ ನಂಬರ್: 9999999999. ಎಂಟುಗಳ ಅಭಿಮಾನಿಗಳು ಬೇರೆ, 1,39,300 ಜನ 8888888888ಗೆ ಅಂಟಿಕೊಂಡಿದ್ದರು. 11ರಿಂದ ಹಿಡಿದು 201 ಜನರವರೆಗೆ ಸದಸ್ಯರಿರುವ ಮನೆಗಳು 43,197. ಬೆಳಗ್ಗೆ ಬಚ್ಚಲುಮನೆ ಮುಂದೆ 201 ಜನ ನಿಂತಿರುವುದನ್ನು ಸುಮ್ನೆ ಕಲ್ಪಿಸಿಕೊಳ್ಳಿ.

ಆಗ ಸರ್ಕಾರ ಹೇಳಿದ್ದೇನು? ಫಲಾನುಭವಿಯ ಗುರುತು ಪರಿಶೀಲನೆಯಲ್ಲಿ ಮೊಬೈಲ್ ನಂಬರಿಗೆ ಪಾತ್ರವೇ ಇಲ್ಲ, ಅದು ಸಂಪರ್ಕಕ್ಕೆ ಮಾತ್ರ ಅಂತ. ಒಳ್ಳೇದು. ಹಾಗಾದರೆ ನಮ್ಮ ಅತ್ತೆಯನ್ನು ಮೂರನೇ ದಿನ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಒಟಿಪಿಗೆ ಕಾಯಿಸಿದ್ದು ಯಾಕೆ?

ನನಗೆ ಸಿಟ್ಟು ಬರುವುದು ಇಲ್ಲೇ. ಈ ಕಾರ್ಡ್ ತುರ್ತಾಗಿ ಬೇಕಾಗುವುದು ಆರಾಮಾಗಿ ಓಡಾಡಿಕೊಂಡಿರುವವರಿಗಲ್ಲ. ಒಳಗೆ ಐಸಿಯುನಲ್ಲಿ ಗಂಡನನ್ನು ಮಲಗಿಸಿ, ಕೌಂಟರ್ ಮುಂದೆ ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡ್ ಹಿಡಿದು ನಿಂತವಳಿಗೆ. ಅವಳಿಗೆ ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಅಂತ ಬರುತ್ತದೆ. ಸ್ವಲ್ಪ ಹೊತ್ತು ಅಂದರೆ ಎಷ್ಟು? ಅಷ್ಟರಲ್ಲಿ ಅವಳು ಕಿವಿಯ ಓಲೆ ಬಿಚ್ಚಿ ಅಡ ಇಟ್ಟಿರುತ್ತಾಳೆ. ಐದು ಲಕ್ಷದ ವಿಮೆ ಕಾಗದದ ಮೇಲೆ ಇದ್ದೇ ಇರುತ್ತದೆ, ಜಾಹೀರಾತಿನಲ್ಲಿ ನಗುವ ಮುಖಗಳೂ ಇರುತ್ತವೆ. ಇಂಥ ಜಾಲತಾಣಕ್ಕೆ ದುಡ್ಡು ಕೊಟ್ಟು, ನಡೆಯುತ್ತಾ ಇಲ್ಲವಾ ಅಂತ ನೋಡದೆ ರಿಬ್ಬನ್ ಕತ್ತರಿಸಿದವರು ಯಾರೂ ಆ ಕೌಂಟರಿನ ಮುಂದೆ ಒಂದು ಗಂಟೆ ನಿಂತಿಲ್ಲ.

ಮೂರನೇ ದಿನ ನಾಲ್ಕು ಗಂಟೆಗೆ ಕರೆಂಟ್ ಹೋಯಿತು. ಹುಡುಗಿ ಬ್ಯಾಗ್ ಎತ್ತಿಕೊಂಡು, ‘ಅಜ್ಜಿ, ಒಟಿಪಿ ಬಂದ್ರೆ ಯಾರಿಗೂ ಹೇಳಬೇಡಿ, ದುಡ್ಡು ಹೊಡೀತಾರೆ’ ಅಂತ ಕಾಳಜಿಯಿಂದ ಹೇಳಿದಳು. ಅತ್ತೆ ತಲೆಯಾಡಿಸಿದರು.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯ ಹತ್ತಿರ ಮಾತ್ರ. ಅತ್ತೆ ರಾತ್ರಿ ಫೋನನ್ನು ಅಲ್ಲೇ ಇಟ್ಟು ಮಲಗಿದ್ದರು. ಹನ್ನೊಂದೂವರೆಗೆ ಟಣ್ ಅಂತು. ಮತ್ತೆ ಟಣ್. ಹೀಗೆ ಏಳು ಒಟಿಪಿ, ತಡವಾಗಿ ಬಂದ ಬಸ್ಸುಗಳ ಥರ ಒಂದರ ಹಿಂದೆ ಒಂದು. ನಾನು ಎದ್ದು ಹೋಗುವಷ್ಟರಲ್ಲಿ ಅತ್ತೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

‘ಕೊಡಿ ಅತ್ತೆ, ಏನು ಬಂದಿದೆ ನೋಡ್ತೀನಿ.’

‘ಇಲ್ಲಪ್ಪ’ ಅಂದರು. ‘ಯಾರಿಗೂ ಹೇಳಬೇಡಿ ಅಂದಿದ್ದಾಳೆ ಆ ಹುಡುಗಿ. ನಿಂಗೂ ಹೇಳಲ್ಲ.’